ದೋಣಿ ಹೊಟ್ಟೆಯ ಹಳೇ ಡೀಸೆಲ್ಲು

ಹೋದ ವರ್ಷ ಸುಮಾರು ಒಂದು ತಿಂಗಳು ಪಾಂಡವಪುರದ ನಮ್ಮ ಮನೆಯ ಜಗುಲಿಯ ಮೇಲೆ ಎಂಟು ಪ್ಲಾಸ್ಟಿಕ್ ಕ್ಯಾನುಗಳು ಸಾಲಾಗಿ ಕೂತಿದ್ದವು. ಒಳಗಿರುವುದು ಹೊರಗೆ ಕಾಣುವಂಥ ಬಿಳಿ ಕ್ಯಾನುಗಳು. ಬಂದವರೆಲ್ಲ ಚಪ್ಪಲಿ ಬಿಡುವ ಮೊದಲು ಅವುಗಳ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ಹಾಲು ಹಾಕುವವನು ಜೇನುತುಪ್ಪ ಅಂದುಕೊಂಡ. ನಮ್ಮ ಯಜಮಾನರ ಮಂಡಿನೋವಿನ ಸಂಗತಿ ಗೊತ್ತಿದ್ದವರು ಯಾವುದೋ ನಾಟಿ ತೈಲ ಅಂದುಕೊಂಡರು. ಎದುರುಮನೆಯ ಸಾವಿತ್ರಮ್ಮನವರಂತೂ ಚೆಂಬು ಹಿಡಿದುಕೊಂಡೇ ಬಂದರು. "ಜೋನಿಬೆಲ್ಲ ತರ್ಸಿದೀರಲ್ಲ ಮೇಷ್ಟ್ರಮ್ಮ, ನಮ್ ಐಕ್ಳು ದೋಸೆಗೆ ಕೇಳ್ತವೆ, ಒಂದ್ ಚೆಂಬು ಕೊಡಿ" ಅಂದರು. ನಾನು ಮುಚ್ಚಳ ತೆಗೆದು ಅವರ ಮೂಗಿನ ಹತ್ತಿರ ಹಿಡಿದೆ. ಆಮೇಲೆ ಎರಡು ವಾರ ಅವರು ನಮ್ಮ ಮನೆ ಕಡೆ ಬರಲಿಲ್ಲ.

ಅದು ಡೀಸೆಲ್ಲು. ಒಂದು ಹಳೆಯ ದೋಣಿಯ ಹೊಟ್ಟೆಯಲ್ಲಿ ಐದಾರು ವರ್ಷ ಕೊಳೆತ ಡೀಸೆಲ್ಲು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದ ಹೆಂಗಸಿನ ಜಗುಲಿಗೆ ಅದು ಹೇಗೆ ಬಂತು ಅನ್ನುವುದನ್ನು ಹೇಳಬೇಕಾದರೆ ನನ್ನದೊಂದು ಕೆಟ್ಟ ಚಾಳಿಯನ್ನು ಮೊದಲು ಒಪ್ಪಿಕೊಳ್ಳಬೇಕು. ನನಗೆ ಯಾವುದನ್ನೂ ಎಸೆಯಲು ಕೈ ಬರುವುದಿಲ್ಲ. ಇದು ನನ್ನ ಅಮ್ಮನ ಮನೆಯಲ್ಲಿ ಕಲಿತದ್ದು. ಅಮ್ಮ ಅಕ್ಕಿ ತೊಳೆದ ನೀರನ್ನು ಎಮ್ಮೆಗೆ ಇಡುತ್ತಿದ್ದಳು, ಸೊಪ್ಪು ಬೇಯಿಸಿದ ನೀರನ್ನು ನಮಗೆ ಇಡುತ್ತಿದ್ದಳು. ಸೀಮೆಎಣ್ಣೆ ಬುಡ್ಡಿಯ ತಳದಲ್ಲಿ ಉಳಿದ ನಾಲ್ಕು ಹನಿಯನ್ನು ಹಳೇ ಬನೀನಿನ ಚೂರಿನಿಂದ ಒರೆಸಿ, ಆ ಚೂರನ್ನು ಮಾರನೇ ದಿನ ನೀರೊಲೆ ಹೊತ್ತಿಸಲು ಇಟ್ಟುಕೊಳ್ಳುತ್ತಿದ್ದಳು. ಆ ಬನೀನು ಅಪ್ಪನದು. ಅಪ್ಪನ ಮೈಮೇಲೆ ಇರುವಾಗಲೇ ಅದರ ಮುಂದಿನ ಗತಿ ಅಮ್ಮನ ತಲೆಯಲ್ಲಿ ನಿಶ್ಚಯವಾಗಿರುತ್ತಿತ್ತು. ನಾನು ಅಷ್ಟು ಜಾಣೆಯಲ್ಲ. ಅಮ್ಮ ಎಲ್ಲವನ್ನೂ ಉಪಯೋಗಿಸಲು ಇಟ್ಟುಕೊಳ್ಳುತ್ತಿದ್ದಳು, ನಾನು ಸುಮ್ಮನೆ ಇಟ್ಟುಕೊಳ್ಳುತ್ತೇನೆ. ನಮ್ಮ ಅಟ್ಟದಲ್ಲಿ ಹಿಡಿ ಇಲ್ಲದ ಮೂರು ಛತ್ರಿಗಳಿವೆ. ಯಜಮಾನರು ಕೇಳಿದರೆ, "ಯಾವತ್ತಾದರೂ ಹಿಡಿ ಸಿಗಬಹುದು" ಅನ್ನುತ್ತೇನೆ.

ಇನ್ನು ಡೀಸೆಲ್ಲಿಗೂ ನನಗೂ ಹಳೆಯ ಪರಿಚಯವಿದೆ. ಅದರ ರುಚಿ ನನಗೆ ಹತ್ತನೇ ವಯಸ್ಸಿನಿಂದಲೇ ಗೊತ್ತು. ನಮ್ಮೂರು ಕೆ.ಆರ್.ಪೇಟೆ ತಾಲ್ಲೂಕಿನ ತುದಿಯಲ್ಲಿ, ಕನ್ನಂಬಾಡಿ ಅಣೆಕಟ್ಟೆಯ ಹಿನ್ನೀರಿನ ದಡದಲ್ಲಿದೆ. ಅಪ್ಪನ ಹತ್ತಿರ ಒಂದು ಡೀಸೆಲ್ ಪಂಪ್‌ಸೆಟ್ಟು ಇತ್ತು. ಡ್ರಮ್ಮಿನಿಂದ ಡಬ್ಬಕ್ಕೆ ಡೀಸೆಲ್ ಇಳಿಸಲು ರಬ್ಬರ್ ಪೈಪಿನ ತುದಿಯನ್ನು ಬಾಯಿಗಿಟ್ಟು ಎಳೆದು, ಅದು ತುಟಿಗೆ ಬರುವಷ್ಟರಲ್ಲಿ ಪೈಪನ್ನು ಡಬ್ಬಕ್ಕೆ ತಿರುಗಿಸಬೇಕಿತ್ತು. ಆ ಕೆಲಸ ನಮ್ಮಣ್ಣನದು. ಅಣ್ಣನ ಹೆಸರು ಪುಟ್ಟಸ್ವಾಮಿ. ಹೆಸರಿಟ್ಟವರು ಮುಂದಾಲೋಚನೆ ಮಾಡಿರಲಿಲ್ಲ, ಆರಡಿ ಬೆಳೆದ. ಒಂದು ದಿನ ಅವನು, "ಜಯಿ, ಡೀಸೆಲ್ಲು ಮೊದ್ಲು ಕಬ್ಬಿನಾಲ್ ತರ ಸಿಹಿ ಇರ್ತದೆ, ಎಳ್ದು ನೋಡು" ಅಂದ. ನಾನು ನಂಬಿದೆ. ಅಣ್ಣ ಹೇಳಿದ್ದನ್ನು ನಂಬುವ ವಯಸ್ಸು. ಜೋರಾಗಿ ಎಳೆದೆ. ಮೂರು ದಿನ ತೇಗಿದಾಗಲೆಲ್ಲ ಪಂಪ್‌ಸೆಟ್ಟು ಸ್ಟಾರ್ಟಾದ ಹಾಗಿತ್ತು. ಅಪ್ಪನಿಂದ ಏಟು ತಿಂದದ್ದು ಅಣ್ಣ. ಆದರೆ ಏಟಿಗಿಂತ ಹೆಚ್ಚಾಗಿ ಅವನು ಅತ್ತದ್ದು ನಾನು ಮಜ್ಜಿಗೆ ಕುಡಿದು ಮಲಗಿದ್ದನ್ನು ನೋಡಿ. ಬಾಗಿಲ ಹತ್ತಿರ ನಿಂತು, ಒಳಗೂ ಬರದೆ ಆಚೆಗೂ ಹೋಗದೆ, ಸಂಜೆಯವರೆಗೆ ಅತ್ತ. ನಮ್ಮಣ್ಣನ ಸ್ವಭಾವವೇ ಅದು. ಮಾಡುವಾಗ ಯೋಚನೆ ಮಾಡುವುದಿಲ್ಲ. ಮಾಡಿದ ಮೇಲೆ ಬಾಗಿಲಲ್ಲಿ ನಿಂತುಬಿಡುತ್ತಾನೆ.

ಅಪ್ಪ ತೀರಿಕೊಂಡ ಮೇಲೆ ಜಮೀನು ಭಾಗವಾಯಿತು. ನಾನು ಏನೋ ದೊಡ್ಡ ಮನಸ್ಸಿನವಳ ಹಾಗೆ, "ನಿನಗೆ ಸರಿ ಕಂಡಿದ್ದು ಕೊಡಪ್ಪ" ಅಂದೆ. ಅಣ್ಣನಿಗೆ ಸರಿ ಕಂಡದ್ದು ದಿಣ್ಣೆ. ಊರಿನ ದಡದಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿರುವ ಎತ್ತರದ ಜಾಗ ಅದು. ಬೇಸಿಗೆಯಲ್ಲಿ ನಡೆದುಕೊಂಡೇ ಹೋಗಬಹುದು. ಹಿನ್ನೀರು ಏರಿದರೆ ಶ್ರಾವಣದಿಂದ ಸಂಕ್ರಾಂತಿಯವರೆಗೆ ಸುತ್ತ ನೀರು, ನಡುವೆ ನನ್ನ ಆಸ್ತಿ. ಊರಿನವರು, "ಮೇಷ್ಟ್ರಮ್ಮಂಗೆ ಲಂಕೆ ಬಂತು" ಅಂದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಸಹಿ ಹಾಕಿದೆ. ಅಣ್ಣ ಮಾತ್ರ ನಗಲಿಲ್ಲ. ಅವತ್ತಿನಿಂದ ಆರು ವರ್ಷ ಅವನು ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ, ನಾನು ಕರೆಯಲೂ ಇಲ್ಲ. ಜಗಳವೇನೂ ಆಗಿರಲಿಲ್ಲ. ಮದುವೆಮನೆಗಳಲ್ಲಿ ಕೈ ತೊಳೆಯುವ ಜಾಗದಲ್ಲಿ ಸಿಕ್ಕರೆ, "ಊಟ ಆಯ್ತಾ" ಅಂತ ಅವನು ಕೇಳುತ್ತಿದ್ದ, "ಆಯ್ತು" ಅಂತ ನಾನು ಹೇಳುತ್ತಿದ್ದೆ. ಕೈ ತೊಳೆಯುತ್ತಿರುವವರನ್ನು ಕೇಳಲು ಅದಕ್ಕಿಂತ ಸುಲಭದ ಪ್ರಶ್ನೆ ಇನ್ನೊಂದಿಲ್ಲ.

ನಿವೃತ್ತಳಾದ ಮೇಲೆ ನನಗೆ ದಿಣ್ಣೆಯ ಮೇಲೆ ಮಾವಿನ ಗಿಡ ನೆಡುವ ಹುಚ್ಚು ಹತ್ತಿತು. ಗಿಡಕ್ಕೆ ಮಳೆಗಾಲವೇ ಸರಿ, ಮಳೆಗಾಲದಲ್ಲಿ ದೋಣಿಯೇ ಗತಿ. ನಮ್ಮ ಯಜಮಾನರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ನೆಲದ ಮೇಲೆ ಓಡುವ ವಾಹನದಲ್ಲಿ ಮಾತ್ರ ಅವರಿಗೆ ನಂಬಿಕೆ.

"ನಿಂಗೆ ಈಜು ಬರಕಿಲ್ಲ" ಅಂದರು.

"ದೋಣಿಯ ಲೆಕ್ಕ ಬರುತ್ತೆ" ಅಂದೆ.

ಅದು ಸುಳ್ಳಲ್ಲ. ಒಂದು ದೋಣಿ ಪ್ರವಾಹದ ಜೊತೆ ಇಷ್ಟು ವೇಗದಲ್ಲಿ, ಪ್ರವಾಹಕ್ಕೆ ಎದುರಾಗಿ ಇಷ್ಟು ವೇಗದಲ್ಲಿ ಹೋದರೆ ನೀರಿನ ವೇಗವೆಷ್ಟು ಅಂತ ಮೂವತ್ತು ವರ್ಷ ಬೋರ್ಡಿನ ಮೇಲೆ ದೋಣಿ ನಡೆಸಿದವಳು ನಾನು. ಒಮ್ಮೆಯೂ ದೋಣಿ ಹತ್ತಿರಲಿಲ್ಲ ಅನ್ನುವುದನ್ನು ಮಕ್ಕಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

ಶ್ರೀರಂಗಪಟ್ಟಣದ ಹತ್ತಿರ ಕಿರಂಗೂರಿನಲ್ಲಿ ಒಂದು ದೋಣಿ ಇದೆಯೆಂದು ಯಾರೋ ಹೇಳಿದರು. ಪ್ರವಾಸಿಗಳನ್ನು ಕೂರಿಸಿಕೊಂಡು ಸುತ್ತಿಸುವ ಆಸೆಯಿಂದ ಒಬ್ಬರು ಎಲ್ಲಿಂದಲೋ ತರಿಸಿ, ಆಸೆ ಕೈಗೂಡದೆ ಗದ್ದೆ ಪಕ್ಕದ ಹೊಂಗೆಮರದ ಕೆಳಗೆ ಬಿಟ್ಟಿದ್ದರು. ನಾನು ಹೋಗಿ ನೋಡಿದಾಗ ಅದರೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು. ಫೈಬರಿನ ಮೈ ಗಟ್ಟಿಯಾಗಿತ್ತು. ನಡುವೆ ಒಂದೇ ಸಿಲಿಂಡರಿನ ಕೈಯಲ್ಲಿ ತಿರುಗಿಸುವ ಎಂಜಿನ್ನು. ಅಪ್ಪನ ಪಂಪ್‌ಸೆಟ್ಟಿನ ವಂಶದ್ದೇ. ಅದನ್ನು ನೋಡಿದ್ದೇ ನನಗೆ ಅರ್ಧ ಮನಸ್ಸಾಯಿತು. ಮಾರುವವರು ಉಳಿದರ್ಧವನ್ನು ಒಂದೇ ಮಾತಿನಲ್ಲಿ ಗೆದ್ದರು.

"ಮೇಡಂ, ಟ್ಯಾಂಕಲ್ಲಿ ನಲ್ವತ್ ಲೀಟ್ರು ಡೀಸೆಲ್ ಅಂಗೇ ಐತೆ. ಅದುಕ್ಕೇನೂ ಕೊಡ್ಬೇಡಿ, ಇಟ್ಕಳಿ."

ನಾನು ಸ್ವಲ್ಪ ಹೊತ್ತು ಯೋಚನೆ ಮಾಡುವವಳ ಹಾಗೆ ನಿಂತೆ. ಯೋಚನೆ ಏನೂ ಇರಲಿಲ್ಲ, ಸಂತೋಷ ಮುಖದ ಮೇಲೆ ಬಾರದಿರಲಿ ಅಂತ ನಿಂತೆ. ಡೀಸೆಲ್ಲು ಎಷ್ಟು ವರ್ಷದ್ದು ಅಂತ ಕೇಳುವುದಕ್ಕೆ ಹೊಳೆಯಲೇ ಇಲ್ಲ. ಎಣ್ಣೆಗೆ ವಯಸ್ಸಾಗುತ್ತದೆ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ.

ದೋಣಿಯನ್ನು ಟ್ರಾಕ್ಟರ್ ಟ್ರೈಲರಿನ ಮೇಲೆ ಹೇರಿಸಿ, ಎಂಜಿನ್ನಿಗೆ ಟಾರ್ಪಾಲು ಹೊದಿಸಿ, ನಾವಿಬ್ಬರೂ ಹಿಂದೆ ಸ್ಕೂಟರಿನಲ್ಲಿ ಹೊರಟೆವು. ಕಬ್ಬಿನ ಕಾಲವಲ್ಲದ ಕಾಲದಲ್ಲಿ ಟ್ರೈಲರ್ ತುಂಬಿ ಬರುವುದನ್ನು ನೋಡಿದರೆ ನಮ್ಮ ಕಡೆ ಜನಕ್ಕೆ ತಡೆಯುವುದಿಲ್ಲ. ಕ್ಯಾತನಹಳ್ಳಿಯಲ್ಲಿ ಟೀ ಕುಡಿಯಲು ನಿಂತಾಗ ಒಬ್ಬ ಹಿರಿಯರು ದೋಣಿಯ ಸುತ್ತ ಒಂದು ಸುತ್ತು ಬಂದು, ಆಕಾಶ ನೋಡಿ, ಯಜಮಾನರನ್ನು ಬಹಳ ಗಂಭೀರವಾಗಿ ಕೇಳಿದರು, "ಈ ಸತಿ ಮಳೆ ಅಷ್ಟೊಂದು ಬತ್ತದಾ ಸಾಮಿ?" ಯಜಮಾನರು, "ನಮ್ಮನೇರ್‌ನ ಕೇಳಿ" ಅಂದು ನನ್ನ ಕಡೆ ಕೈ ತೋರಿಸಿ ಟೀ ಊದತೊಡಗಿದರು.

ಹಿನ್ನೀರಿನಲ್ಲಿ ದೋಣಿ ಬಿಡಲು ಬೇಕಾದ ಕಾಗದಪತ್ರಕ್ಕೆ ಓಡಾಡಿದ ಕಥೆ ಬೇರೆ ಇದೆ. ಅದನ್ನು ಹೇಳಹೊರಟರೆ ನೀವು ದೋಣಿ ಹತ್ತುವ ಮೊದಲೇ ಇಳಿದುಹೋಗುತ್ತೀರಿ. ಅಂತೂ ಕಾಗದ ಕೈಗೆ ಬಂತು, ನೀರೂ ಏರಿತು. ಆದರೆ ದೋಣಿಯನ್ನು ದಡದಿಂದ ನೀರಿಗೆ ಎಳೆಯುವಂಥ ಟ್ರಾಕ್ಟರು ಊರಿನಲ್ಲಿ ಇದ್ದದ್ದು ಅಣ್ಣನದೊಂದೇ. ನಾನು ಕೇಳಲಿಲ್ಲ. ಯಜಮಾನರು ಫೋನು ಮಾಡಿದರು. ಅವನು ಬಂದ. ಬಂದವನು ನನ್ನನ್ನು ನೋಡದೆ ದೋಣಿಯನ್ನು ನೋಡಿ, "ಹಗ್ಗ ಕೊಡಿ ಬಾವ" ಅಂದ.

ದೋಣಿ ನೀರಿಗಿಳಿಯಿತು. ಎಂಜಿನ್ನಿನ ಹಿಡಿ ತಿರುಗಿಸಲು ನನಗೆ ಶಕ್ತಿ ಸಾಲದು, ಯಜಮಾನರಿಗೆ ಧೈರ್ಯ ಸಾಲದು. ಅಣ್ಣ ಪಂಚೆ ಎತ್ತಿ ಕಟ್ಟಿ ದೋಣಿಗೆ ಹತ್ತಿ, ಮೂರು ಸಲ ತಿರುಗಿಸಿದ. ಒಂದು ಕಪ್ಪು ಹೊಗೆ ಬಂತು, ಅದರ ಹಿಂದೆ ಒಂದು ಕೆಮ್ಮು, ಅದರ ಹಿಂದೆ ಡುಗುಡುಗು ಅಂತ ಸದ್ದು. ನಮ್ಮಿಬ್ಬರ ಮುಖದ ಮೇಲೂ ಒಂದೇ ಸಲ ಅಪ್ಪನ ಪಂಪ್‌ಸೆಟ್ಟು ಬಂದುಹೋಯಿತು. ಇಬ್ಬರೂ ಬೇರೆ ಬೇರೆ ಕಡೆ ತಿರುಗಿದೆವು.

"ಎಣ್ಣೆ ಯಾವ್ದು?" ಅಂದ.

"ಟ್ಯಾಂಕಲ್ಲೇ ಇತ್ತು."

"ಹಳೇದಾ? ತೆಗ್ದು ಹೊಸಾದ್ ಹಾಕ್ಬೇಕಾಗಿತ್ತು."

"ಓಡ್ತಾ ಇದೆಯಲ್ಲ" ಅಂದೆ. ಈ ಮಾತನ್ನು ನಾನು ಗಣಿತದ ಮೇಷ್ಟ್ರಮ್ಮನ ಧ್ವನಿಯಲ್ಲಿ ಹೇಳಿದೆ ಅಂತ ಆಮೇಲೆ ಯಜಮಾನರು ಹಲವು ಸಲ ನೆನಪು ಮಾಡಿಕೊಟ್ಟಿದ್ದಾರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮಾವಿನ ಸಸಿಗಳನ್ನು ಇಡಲು ಜಾಗ ಸಾಲದೆ, "ಎಂಜಿನ್ ಇರುವಾಗ ಇದ್ಯಾಕೆ" ಅಂದು ಎರಡು ಹುಟ್ಟುಗಳನ್ನೂ ದಡದ ಮೇಲೆ ಇಳಿಸಿಬಿಟ್ಟೆ.

ಯಜಮಾನರು ಲಾರಿ ಟ್ಯೂಬಿಗೆ ಗಾಳಿ ತುಂಬಿಸಿ, ಅದನ್ನು ಸೊಂಟಕ್ಕೆ ಹಾಕಿಕೊಂಡು ಹಲಗೆಯ ಮೇಲೆ ಕೂತರು. ಎಂಜಿನ್ ನಡೆಸಲು ದೋಣಿಯಲ್ಲೇ ಉಳಿದ ಅಣ್ಣನಿಗೂ ನನಗೂ ಒಂದೊಂದು ಟ್ಯೂಬು ತಂದಿದ್ದರು, ಅವರ ಬಲವಂತಕ್ಕೆ ನಾವೂ ಹಾಕಿಕೊಂಡೆವು. ಹೀಗೆ ಮೂರು ಜನ ವಯಸ್ಸಾದವರು ಸಿಂಬಿಯ ಮೇಲಿನ ಕೊಡಗಳ ಹಾಗೆ ಟ್ಯೂಬಿನಲ್ಲಿ ಕೂತು, ಸುತ್ತ ಮಾವಿನ ಸಸಿ ಇಟ್ಟುಕೊಂಡು ಹೊರಟದ್ದನ್ನು ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಲ್ಲಿನ ಮೇಲೆ ಬಟ್ಟೆ ಹಾಗೇ ಬಿಟ್ಟು ನೋಡಿದರು.

ಅರ್ಧ ದಾರಿಯವರೆಗೆ ಏನೂ ಆಗಲಿಲ್ಲ. ಆಷಾಢ ಮುಗಿದಿದ್ದರೂ ಗಾಳಿ ಮುಗಿದಿರಲಿಲ್ಲ. ಬಯಲಿನ ನೀರಿಗೆ ಬಂದಾಗ ಅಲೆಗಳು ದೋಣಿಯನ್ನು ಒಂದೇ ಸಮನೆ ಕುಲುಕತೊಡಗಿದವು. ಐದಾರು ವರ್ಷ ಅಲ್ಲಾಡದೆ ತಳದಲ್ಲಿ ಕೂತಿದ್ದ ಗಸಿ ಟ್ಯಾಂಕಿನೊಳಗೆ ಎದ್ದದ್ದು ಆಗಲೇ ಇರಬೇಕು. ಎಂಜಿನ್ನು ಎರಡು ಸಲ ಬಿಕ್ಕಿತು. ಮೂರನೆಯ ಸಲ ಬಿಕ್ಕುವ ಬದಲು ನಿಂತುಹೋಯಿತು.

ನನ್ನ ಮೂವತ್ತು ವರ್ಷದ ಲೆಕ್ಕಗಳಲ್ಲಿ ಯಾವ ದೋಣಿಯೂ ನಡುನೀರಿನಲ್ಲಿ ನಿಂತಿರಲಿಲ್ಲ.

ಅಣ್ಣ ಹಿಡಿ ತಿರುಗಿಸಿದ. ಮತ್ತೆ ತಿರುಗಿಸಿದ. ಅಂಗೈ ಕೆಂಪಾಗುವವರೆಗೆ ತಿರುಗಿಸಿದ. ಎಂಜಿನ್ನಿನಿಂದ ಗುಟುಕರಿಸಿದ ಸದ್ದು ಬಂತೇ ಹೊರತು ಬೇರೇನೂ ಬರಲಿಲ್ಲ. ಈ ನಡುವೆ ಗಾಳಿ ನಮ್ಮನ್ನು ಮೂಡಣಕ್ಕೆ ತಳ್ಳುತ್ತಿತ್ತು. ಆ ಕಡೆ ಹಿಂದೆ ಹುಣಸೆ ತೋಪು ಇದ್ದ ಜಾಗ. ಮರಗಳನ್ನು ಕಡಿದರೂ ಬೊಡ್ಡೆಗಳು ಹಾಗೇ ನೀರಿನೊಳಗಿವೆ. ಮೀನು ಹಿಡಿಯುವ ಬಲೆಯವರೂ ಅಲ್ಲಿಗೆ ಹೋಗುವುದಿಲ್ಲ. ಬೊಡ್ಡೆ ತಾಗಿದರೆ ಫೈಬರ್ ದೋಣಿ ಸೀಳುತ್ತದೆ ಅಂತ ನಮ್ಮ ಮೂವರಿಗೂ ಗೊತ್ತಿತ್ತು. ಮೂವರೂ ಆ ಮಾತು ಆಡಲಿಲ್ಲ. ಯಜಮಾನರು ಕಣ್ಣು ಮುಚ್ಚಿ ಏನೋ ಪಠಿಸತೊಡಗಿದರು. ಭಯವಾದರೆ ಅವರು ದೇವರ ಹೆಸರು ಹೇಳುವುದಿಲ್ಲ, ತಮ್ಮ ಹಳೇ ರೂಟಿನ ಸ್ಟಾಪುಗಳನ್ನು ಹೇಳುತ್ತಾರೆ. "ಜಕ್ಕನಹಳ್ಳಿ, ನಾಗಮಂಗಲ, ಬೆಳ್ಳೂರು, ಬೆಳ್ಳೂರ್ ಕ್ರಾಸು." ಕ್ರಾಸಿಗೆ ಬಂದ ಮೇಲೆ ಮತ್ತೆ ಪಾಂಡವಪುರದಿಂದ ಶುರು.

ಅಣ್ಣ ಕೂರುವ ಹಲಗೆಯೊಂದನ್ನು ಕಿತ್ತು ಹುಟ್ಟು ಮಾಡಿಕೊಂಡ. ನಾನು ಬುತ್ತಿ ಡಬ್ಬಿಯ ಅಗಲವಾದ ಮುಚ್ಚಳ ತೆಗೆದುಕೊಂಡೆ. ಅವನು ಒಂದು ಸಲ ಎಳೆಯುವಷ್ಟರಲ್ಲಿ ನಾನು ಆರು ಸಲ ನೀರು ಚಿಮ್ಮಿಸುತ್ತಿದ್ದೆ. ದೋಣಿ ಇದ್ದಲ್ಲೇ ಸುತ್ತಿತು.

"ನೀನು ಸುಮ್ಕೆ ಕೂತ್ಕೋ ಜಯಿ. ನೀ ಎಳದ್ರೆ ಇನ್ನೂ ಅತ್ಲಾಗೇ ಓಯ್ತದೆ" ಅಂದ.

ಮುಚ್ಚಳ ಕೆಳಗಿಟ್ಟೆ. "ನನ್ನಿಂದ್ಲೇ ಆಗಿದ್ದು. ಎಣ್ಣೆ ತೆಗಿ ಅಂದೆ ನೀನು" ಅಂದೆ.

ಅವನು ಹಲಗೆ ಎಳೆಯುತ್ತಲೇ ಇದ್ದ. ನನ್ನ ಕಡೆ ನೋಡದೆ, "ಎಣ್ಣೆ ನಿಂದಿರ್ಬೋದು. ದಿಣ್ಣೆ ಕೊಟ್ಟೋನು ನಾನಲ್ವಾ" ಅಂದ.

ನಾನು ಕೆಳಗಿಟ್ಟ ಮುಚ್ಚಳವನ್ನು ಮತ್ತೆ ಕೈಗೆತ್ತಿಕೊಂಡೆ.

"ಅವತ್ತು ಬೇಕೂ ಅಂತ್ಲೇ ಕೊಟ್ಟೆ ಕಣವ್ವ. ಇವ್ಳು ಓದ್ದೋಳು, ಸಂಬ್ಳ ಐತೆ, ಇವ್ಳಿಗ್ಯಾಕೆ ರಸ್ತೆ ಪಕ್ದ ಹೊಲ ಅಂತ. ನೀನು ಇದ್ಯಾಕಣ್ಣ ಅಂತ ಒಂದ್ ಮಾತ್ ಕೇಳಿದ್ರೆ ಅಲ್ಲೇ ಬದ್ಲಾಯ್ಸ್ಬುಡ್ತಿದ್ದೆ. ನೀನು ಕೇಳ್ನಿಲ್ಲ. ನಗಾಡ್ಕಂಡು ಸೈನ್ ಆಕ್ಬುಟ್ಟೆ. ಆಮೇಲೆ ನಿಮ್ಮನೆಗೆ ಯಾವ್ ಮುಖ ಇಟ್ಕಂಡು ಬರ್ಲಿ?"

"ನೀನೇ ಬದಲಾಯಿಸ್ತೀಯ ಅಂತ ಕಾಯ್ತಿದ್ದೆ" ಅಂದೆ.

"ಆರ್ ವರ್ಸ?"

"ಆರು ವರ್ಷ."

"ನಾನು ನೀನು ಕೇಳ್ತೀಯ ಅಂತ ಕಾಯ್ತಿದ್ದೆ" ಅಂದ.

ಯಜಮಾನರು ನಾಗಮಂಗಲದಲ್ಲಿ ನಿಂತುಹೋಗಿದ್ದರು. ಒಂದು ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡಿ, "ಮಾತಾಡಿ, ಆದ್ರೆ ಹಲಗೆ ನಿಲ್ಲಿಸ್ಬೇಡ ಪುಟ್ಟಸ್ವಾಮಿ" ಅಂದರು. ಅಣ್ಣ ನಗುತ್ತಲೇ ಎಳೆದ. ಅವನ ಮೈಬೆವರು ಗಾಳಿಯಲ್ಲಿ ನನ್ನ ಮೇಲೆ ಸಿಡಿಯುತ್ತಿತ್ತು. ಹುಣಸೆ ಬೊಡ್ಡೆಗಳಲ್ಲಿ ಒಂದರ ನೆತ್ತಿ, ಎಮ್ಮೆಯ ತಲೆಯ ಹಾಗೆ, ಕೈಗೆಟುಕುವಷ್ಟು ದೂರದಲ್ಲಿ ಪಕ್ಕದಿಂದ ಹೋಯಿತು. ನಾನು ಅದನ್ನು ಮುಚ್ಚಳದಿಂದ ತಳ್ಳಿದೆ. ಆ ಮುಚ್ಚಳ ಮಾಡಿದ ಒಳ್ಳೆಯ ಕೆಲಸ ಅದೊಂದೇ. ಇನ್ನು ಸ್ವಲ್ಪ ಹೊತ್ತಿಗೆ ದೋಣಿಯ ಮೂತಿ ಮೆತ್ತಗೆ ಮಣ್ಣಿಗೆ ಕಚ್ಚಿಕೊಂಡಿತು. ನನ್ನ ದಿಣ್ಣೆಯ ಹಿಂಬದಿ.

ಇಳಿದು ಮೊದಲು ಮಾಡಿದ ಕೆಲಸ ಬುತ್ತಿ ಬಿಚ್ಚಿದ್ದು. ಎರಡನೆಯದು ಜಗಳ. ಹೊಟ್ಟೆ ತುಂಬಿದ ಮೇಲೆ ಅಣ್ಣನಿಗೆ ಎಂಜಿನ್ನಿನ ಮೇಲಿದ್ದ ಕೋಪ ಮತ್ತೆ ಬಂತು. ದೋಣಿ ಹತ್ತಿ ಟ್ಯಾಂಕಿನ ತಳದ ಬಿರಡೆಗೆ ಕೈ ಹಾಕಿದ.

"ಏನ್ ಮಾಡ್ತೀಯ?"

"ಈ ಗಲೀಜ್ನ ನೀರ್ಗೆ ಬುಡ್ತೀನಿ. ಬಲೆಯೋರ್ತವ ಎರಡ್ ಲೀಟ್ರು ಹೊಸಾ ಎಣ್ಣೆ ಈಸ್ಕಂಡು ಮನೆಗೋಗಾಣ."

"ನೀರಿಗೆ ಬಿಡ್ಬೇಡ."

"ಸಮುದ್ರದಂಗೈತೆ ನೀರು. ನಿನ್ ನಲ್ವತ್ ಲೀಟ್ರು ಏನ್ ಮಾಡ್ತದೆ?"

ಹನಿ ಎಣ್ಣೆ ಎಷ್ಟು ಅಗಲ ಹರಡುತ್ತದೆ, ಮೀನಿಗೆ ಏನಾಗುತ್ತದೆ ಅಂತ ಪಾಠ ಶುರುಮಾಡಿದೆ. ಅವನು ಹತ್ತನೇ ಕ್ಲಾಸಿನ ಹಿಂದಿನ ಬೆಂಚಿನವನ ಹಾಗೆ ಕೇಳಿಸಿಕೊಂಡು, ಬಿರಡೆಯನ್ನು ಇನ್ನರ್ಧ ಸುತ್ತು ತಿರುಗಿಸಿದ. ಆಗ ಹೊಳೆಯಿತು. "ನಿನ್ನ ಎಮ್ಮೆಗಳು ನೀರು ಕುಡಿಯೋಕೆ ಇಳಿಯೋದು ಆ ದಡದಲ್ಲೇ ಅಲ್ವಾ?" ಅಂದೆ.

ಕೈ ನಿಂತಿತು. ಮೀನಿಗಾಗಿ ಬದಲಾಗದ ಮನಸ್ಸು ಎಮ್ಮೆಗಾಗಿ ಬದಲಾಯಿತು. ಬಿರಡೆ ವಾಪಸ್ಸು ಬಿಗಿಯಾಯಿತು. ಆಗಲೇ ಒಸರಿದ್ದ ನಾಲ್ಕು ಹನಿ ದೋಣಿಯ ನೆಲದ ಮೇಲಿತ್ತು, ಅದನ್ನು ಅವನು ತನ್ನ ಹೆಗಲ ಟವೆಲ್ಲಿನಲ್ಲೇ ಒರೆಸಿದ. ಸಸಿಗಳನ್ನು ನೆಟ್ಟೆವು. ಸಂಜೆಯ ಹೊತ್ತಿಗೆ ಬಲೆಯವರೊಬ್ಬರು ಹರಿಗೋಲಿನಲ್ಲಿ ಬಂದು ನಮ್ಮನ್ನು ಎಳೆದುಕೊಂಡು ಹೋದರು. ಎಂಜಿನ್ನಿರುವ ದೋಣಿಯನ್ನು ಬಿದಿರಿನ ಬುಟ್ಟಿಯೊಂದು ಎಳೆದು ತಂದದ್ದನ್ನು ನೋಡಲು ಬಟ್ಟೆ ಒಗೆಯುವ ಹೆಂಗಸರು ಮನೆಗೆ ಹೋಗದೆ ಕಾದಿದ್ದರು.

ಅಕ್ಕಪಕ್ಕದ ಮೆಕ್ಯಾನಿಕ್ಕುಗಳು ಟ್ರಾಕ್ಟರಾದರೆ ಸರಿ, ದೋಣಿಗೆ ಕೈ ಹಾಕುವುದಿಲ್ಲ ಅಂದರು. ಯಜಮಾನರಿಗೆ ಬೆಳ್ಳೂರು ಕ್ರಾಸಿನಲ್ಲಿ ಹಳೆಯ ಸ್ನೇಹಿತರೊಬ್ಬರಿದ್ದಾರೆ. ರಫೀಕ್ ಸಾಹೇಬರು, ಲಾರಿಗಳ ಡೀಸೆಲ್ ಪಂಪು ಬಿಚ್ಚಿ ಕಟ್ಟುವವರು. ಅವರು ಬೈಕಿನಲ್ಲಿ ಚೀಲ ಕಟ್ಟಿಕೊಂಡು ಬಂದರು. ಟ್ಯಾಂಕಿಗೆ ಟಾರ್ಚು ಬಿಟ್ಟು ನೋಡಿ, ಒಂದು ಕಡ್ಡಿ ಅದ್ದಿ ಎತ್ತಿದರು. ಕಡ್ಡಿಯ ತುದಿಯಲ್ಲಿ ಕಪ್ಪಗೆ ಲೋಳೆ ಜೋತಾಡಿತು.

"ಅಕ್ಕಾ, ಇದು ಡೀಸೆಲ್ ಅಲ್ಲ, ಉಚ್ಚೆಳ್ಳು ಚಟ್ನಿ" ಅಂದರು.

"ಹೊರಗಿನಿಂದ ಏನಾದರೂ ಬಿತ್ತಾ?"

"ಬೀಳಲ್ಲ, ಬೆಳೀತದೆ. ಟ್ಯಾಂಕ್ ಖಾಲಿ ಜಾಗದಲ್ಲಿ ಗಾಳಿ ಇರ್ತದೆ, ರಾತ್ರಿ ತಣ್ಣಗಾದ್ರೆ ನೀರಿನ ಹನಿ ಆಗ್ತದೆ. ನೀರು ತಳಕ್ಕೋಗಿ ಕೂತ್ಕೊಳ್ತದೆ. ನೀರಿಗೂ ಎಣ್ಣೆಗೂ ನಡುವೆ ಪಾಚಿ ತರ ಒಂದು ಹುಳ ಸಂಸಾರ ಮಾಡ್ತದೆ. ಬಸ್, ಅದೇ ಬಂದು ಫಿಲ್ಟರ್‌ನಾಗೆ ಸಿಕ್ಕಾಕ್ಕೊಳ್ಳೋದು."

ಡೀಸೆಲ್ಲಿನಲ್ಲಿ ಸಂಸಾರ ಮಾಡುವ ಜೀವಿಯೂ ಇದೆ ಎಂದು ತಿಳಿದು ನನಗೆ ಅದರ ಮೇಲೆ ಗೌರವವೇ ಬಂತು. ಯಜಮಾನರು ಮೆಲ್ಲಗೆ, "ಹಿಡಿ ಇಲ್ದಿರೋ ಛತ್ರಿ ಅಲ್ಲೂ ಇಟ್ಕೊಂಡಿರ್ತವೆ" ಅಂದರು.

"ಎಲ್ಲ ಚೆಲ್ಲಬೇಕಾ?" ಅಂತ ಕೇಳಿದೆ. ನನ್ನ ಧ್ವನಿ ಸಣ್ಣದಾಗಿದ್ದಿರಬೇಕು, ರಫೀಕ್ ಸಾಹೇಬರು ನಕ್ಕರು.

"ಯಾಕ್ ಚೆಲ್ತೀರಿ? ಒಳಗಡೆ ಕಾಣೋ ಕ್ಯಾನಿಗೆ ತುಂಬಿ ಇಟ್ಬುಡಿ. ಬೆಂಕಿ ಹತ್ರ ಬೇಡ, ಬಿಸಿಲಿಗೆ ಬೇಡ. ತಿಂಗಳು ಅಲ್ಲಾಡಿಸ್ಬೇಡಿ. ನೀರು, ಗಸಿ ಕೆಳಗೆ ಹೋಗ್ತದೆ. ಮೇಲಿಂದು ತಿಳಿ ಬಂದ್ರೆ ಬಟ್ಟೇಲಿ ಎರಡು ಸಲ ಸೋಸಿ, ಟ್ರಾಕ್ಟರ್ ಹೊಸ ಡೀಸೆಲ್‌ಗೆ ಸ್ವಲ್ಪ ಸ್ವಲ್ಪ ಬೆರೆಸಿ. ದೋಣಿಗೆ ಮಾತ್ರ ಬೇಡ. ಟ್ರಾಕ್ಟರ್ ನಿಂತ್ರೆ ಇಳಿದು ನಡೀಬೌದು."

ಈ ಕೊನೆಯ ಮಾತು ಯಜಮಾನರಿಗೆ ಬಹಳ ಹಿಡಿಸಿತು. ಟ್ಯಾಂಕನ್ನೇ ಬಿಚ್ಚಿ, ಒಳಗೆಲ್ಲ ತಿಕ್ಕಿ ಒಣಗಿಸಿ, ಪೈಪು ಫಿಲ್ಟರು ಎರಡನ್ನೂ ಹೊಸದು ಹಾಕಿ, ಸಾಹೇಬರು ಹೊರಟರು. ಗಸಿಯನ್ನು ಮಾತ್ರ ಎಲ್ಲೂ ಸುರಿಯದೆ ತಮ್ಮಲ್ಲಿಗೆ ತಂದುಕೊಡಿ, ಹಳೇ ಆಯಿಲ್ ಒಯ್ಯುವವರು ಬಂದಾಗ ಡ್ರಮ್ಮಿಗೆ ಸೇರಿಸುತ್ತೇನೆ ಅಂದರು. ಅಣ್ಣನ ಮನೆಯಲ್ಲಿ ಸೌದೆ ಒಲೆಯಿರುವುದರಿಂದ ಕ್ಯಾನುಗಳು ಪಾಂಡವಪುರದ ನಮ್ಮ ಜಗುಲಿಗೆ ಬಂದವು.

ಹೀಗೆ ನನ್ನ ಚಾಳಿಗೆ ಮೊದಲ ಬಾರಿ ಒಬ್ಬ ತಜ್ಞರ ಅನುಮೋದನೆ ಸಿಕ್ಕಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗುಲಿಗೆ ಬಂದು ಕ್ಯಾನುಗಳನ್ನು ನೋಡುವುದು ನನ್ನ ದಿನಚರಿಯಾಯಿತು. ಮೊದಲ ವಾರ ಎಲ್ಲವೂ ಡಿಕಾಕ್ಷನ್ನಿನ ಬಣ್ಣ. ಎರಡನೆಯ ವಾರ ತಳದಲ್ಲಿ ಒಂದು ಕಪ್ಪು ಗೆರೆ. ಆಮೇಲೆ ಕಪ್ಪಿನ ಕೆಳಗೆ ನೀರಿನ ಇನ್ನೊಂದು ಗೆರೆ, ಮೇಲೆ ಚಿನ್ನದ ಹಾಗೆ ತಿಳಿ. ಅಣ್ಣ ದಿನಾ ಫೋನು ಮಾಡತೊಡಗಿದ. ಆರು ವರ್ಷ ಮಾತು ಸಿಗದಿದ್ದವನಿಗೆ ಈಗ ಒಂದು ವಿಷಯ ಸಿಕ್ಕಿತ್ತು.

"ತಿಳಿ ಆಯ್ತಾ?"

"ಐದನೇ ಕ್ಯಾನು ಆಗಿದೆ. ಮೂರನೇದು ಇನ್ನೂ ಮಬ್ಬು."

"ಅಲ್ಲಾಡುಸ್ಬೇಡ. ಬಾವಂಗೂ ಹೇಳು."

ತಿಂಗಳಾದ ಮೇಲೆ ಅಣ್ಣ ನಮ್ಮ ಮನೆಗೆ ಬಂದ. ಟ್ರಾಕ್ಟರಿಗೆ ಡೀಸೆಲ್ ಒಯ್ಯಲು ಬಂದೆ ಅಂದ. ಚಪ್ಪಲಿ ಬಿಟ್ಟು, ಬಾಗಿಲ ಹತ್ತಿರ ನಿಂತ. ಒಳಗೂ ಬರಲಿಲ್ಲ, ಆಚೆಗೂ ಹೋಗಲಿಲ್ಲ. ನಾನು ಅವನ ಕೈಗೆ ಸೋಸುವ ಬಟ್ಟೆಯ ಒಂದು ತುದಿ ಕೊಟ್ಟು, "ಹಿಡ್ಕೋ" ಅಂದೆ. ಎರಡೂ ಕೈ ತುಂಬಿದವನು ಬಾಗಿಲಲ್ಲಿ ನಿಂತಿರಲು ಆಗುವುದಿಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ನನ್ನ ಹಳೆಯ ಕಾಟನ್ ಸೀರೆಯ ನಾಲ್ಕು ಮಡಿಕೆಯಲ್ಲಿ ಡೀಸೆಲ್ ಸೋಸಿದೆವು. ಊಟಕ್ಕೆ ಕೂತಾಗ ಬಸ್ಸಾರಿನಲ್ಲೂ ಡೀಸೆಲ್ ವಾಸನೆ ಬರುತ್ತಿತ್ತು. ಯಾರೂ ದೂರಲಿಲ್ಲ.

ಉಳಿದ ಗಸಿಯನ್ನು ಒಂದೇ ಕ್ಯಾನಿಗೆ ಸೇರಿಸಿ ಬಸ್ಸಿನಲ್ಲಿ ಬೆಳ್ಳೂರು ಕ್ರಾಸಿಗೆ ಒಯ್ಯೋಣ ಅಂದೆ. ಯಜಮಾನರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದು ನಿಂತರು. "ಎಣ್ಣೆ ಕ್ಯಾನ್ ಬಸ್ ಹತ್ತಂಗಿಲ್ಲ. ನನ್ ಹೆಂಡ್ತಿ ಆದ್ರೂ ಅಷ್ಟೇಯ, ಇಳ್ಸ್‌ಬುಡ್ತೀನಿ" ಅಂದರು. ನಿವೃತ್ತರಾಗಿ ನಾಲ್ಕು ವರ್ಷವಾಗಿದೆ. ಕಂಡಕ್ಟರಿಕೆ ಇನ್ನೂ ಇಳಿದಿಲ್ಲ. ಅಣ್ಣ ಪರಿಚಯದವರ ಗೂಡ್ಸ್ ಆಟೋ ತಂದ. ಮುಂದೆ ಅವನೂ ನಾನೂ, ಹಿಂದೆ ಹಗ್ಗ ಬಿಗಿದುಕೊಂಡ ಒಂದೇ ಒಂದು ಕ್ಯಾನು. ನಾಗಮಂಗಲ ದಾಟುವವರೆಗೂ ಅವನು ಹಳ್ಳ ಬಂದಾಗಲೆಲ್ಲ ಗಾಡಿ ನಿಧಾನ ಮಾಡಿ ಹಿಂದೆ ತಿರುಗಿ ನೋಡುತ್ತಿದ್ದ. ಯಾವುದಾದರೂ ಬಸುರಿ ಹೆಣ್ಣುಮಗಳನ್ನು ಕರೆದೊಯ್ಯುತ್ತಿದ್ದರೂ ಇಷ್ಟು ಜೋಪಾನ ಮಾಡುತ್ತಿದ್ದನೋ ಇಲ್ಲವೋ. ಕ್ರಾಸಿನಲ್ಲಿ ಗಸಿ ಒಪ್ಪಿಸಿ, ಹೋಟೆಲಿನಲ್ಲಿ ಮಸಾಲೆದೋಸೆ ತಿಂದೆವು. ಹಿಂದಿರುಗುವಾಗ ಅವನು ರಸ್ತೆಯ ಮೇಲೇ ಕಣ್ಣಿಟ್ಟು ಹೇಳಿದ.

"ಸೋಮವಾರ ಕೆ.ಆರ್.ಪೇಟೆಗೆ ಓಗಾಣ. ರಸ್ತೆ ಪಕ್ದ ಹೊಲ ನೀನ್ ಮಾಡ್ಕೋ. ದಿಣ್ಣೆ ನಂಗಿರ್ಲಿ."

ಎಷ್ಟೋ ವರ್ಷ ಕಾದ ಮಾತು. ಬಂದಾಗ ನನಗೆ ಬೇಡವಾಗಿತ್ತು. ಅಷ್ಟರಲ್ಲಿ ನೆಟ್ಟ ಸಸಿಗಳು ಚಿಗುರಿದ್ದವು. ಬೆಳಿಗ್ಗೆ ದಿಣ್ಣೆಯ ಮೇಲಿಂದ ನೋಡಿದರೆ ಊರು ನೀರಿನಾಚೆ ಬೇರೆಯದೇ ಚೆಂದ ಕಾಣುತ್ತಿತ್ತು. ನನ್ನ ದೊಡ್ಡ ಮನಸ್ಸಿನ ಹಳೆಯ ನಾಟಕ ಮತ್ತೆ ಆಡಬಾರದು ಅಂತ ಈ ಸಲ ನಿಜ ಹೇಳಿದೆ.

"ದಿಣ್ಣೆ ಕೊಡಲ್ಲ. ನನಗೆ ಬೇಕು."

"ಹೊಲ ಬ್ಯಾಡ್ವಾ?"

"ಹೊಲದಲ್ಲಿ ಅರ್ಧ ಕೊಡು."

ಅಣ್ಣ ಗಾಡಿ ನಿಧಾನ ಮಾಡಿ ನನ್ನ ಮುಖ ನೋಡಿದ. ಆಮೇಲೆ ಸ್ಟೇರಿಂಗಿನ ಮೇಲೆ ಬಗ್ಗಿ ಬಗ್ಗಿ ನಕ್ಕ. "ಇದ್ನ ಆರ್ ವರ್ಸದ ಇಂದೆ ಕೇಳಕ್ಕೆ ಏನಾಗಿತ್ತವ್ವ ನಿಂಗೆ" ಅಂದ. ಸೋಮವಾರ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಅರ್ಧ ಬರೆದುಕೊಟ್ಟ.

ಈಗ ನೀರಿರುವ ತಿಂಗಳುಗಳಲ್ಲಿ ಡುಗುಡುಗು ಸದ್ದು ಮಾಡುತ್ತ ನಮ್ಮ ದೋಣಿ ಓಡಾಡುತ್ತದೆ. ಟ್ಯಾಂಕಿಗೆ ಬೇಕಾದಷ್ಟೇ ಹೊಸ ಡೀಸೆಲ್ಲು, ಮಳೆಗಾಲ ಮುಗಿದ ಮೇಲೆ ಒಂದು ಹನಿಯೂ ಉಳಿಯದ ಹಾಗೆ ಖಾಲಿ. ಎರಡು ಹುಟ್ಟುಗಳು ದೋಣಿ ಬಿಟ್ಟು ಇಳಿಯುವುದಿಲ್ಲ. ಅಣ್ಣ ಭಾನುವಾರಗಳಲ್ಲಿ ಸಸಿ ನೋಡುವ ನೆಪ ಮಾಡಿಕೊಂಡು ಬರುತ್ತಾನೆ. ಎಂಜಿನ್ ನೋಡಿಕೊಳ್ಳುವುದು ಅವನೇ.

ಹೋದ ಭಾನುವಾರ ಇಬ್ಬರೇ ಹೊರಟಿದ್ದೆವು. ಗಾಳಿ ಇರಲಿಲ್ಲ. ನಡುನೀರಿಗೆ ಬಂದಾಗ ಎಂಜಿನ್ನು ಟಕ್ ಅಂತ ನಿಂತಿತು. ನಾನು ಹುಟ್ಟಿಗೆ ಕೈ ಹಾಕಿದೆ. ತಿರುಗಿ ನೋಡಿದರೆ ಅಣ್ಣ ಆರಾಮವಾಗಿ ಕೂತು ಎಲೆಯಡಿಕೆ ಚೀಲ ಬಿಚ್ಚುತ್ತಿದ್ದ.

"ಏನಾಯ್ತು, ಮತ್ತೆ ಕಸ ಬಂತಾ?"

"ಏನೂ ಬಂದಿಲ್ಲ. ನಾನೇ ಆಫ್ ಮಾಡ್ದೆ."

"ಯಾಕೆ?"

ಅವನು ಎಲೆಗೆ ಸುಣ್ಣ ಸವರುತ್ತ, "ಅದು ಓಡ್ತಿದ್ರೆ ಮಾತು ಕೇಳ್ಸಕಿಲ್ಲ ಕಣವ್ವ" ಅಂದ.

ಅಂಥ ದೊಡ್ಡ ಮಾತೇನೂ ಆಡಲಿಲ್ಲ. ಅವನ ಹಲ್ಲುನೋವು, ನನ್ನ ಬಿ.ಪಿ. ಮಾತ್ರೆ, ಅತ್ತಿಗೆ ಹಾಕಿದ ಉಪ್ಪಿನಕಾಯಿ ಈ ವರ್ಷ ಯಾಕೆ ಬೂಸಲು ಹಿಡಿಯಿತು ಅನ್ನುವುದು. ದೋಣಿ ಇದ್ದಲ್ಲೇ ಮೆಲ್ಲಗೆ ತಿರುಗುತ್ತಿತ್ತು.